ಕಲ್ಲಿಗೆ ‘ಫ್ರೀ’ ಕೆತ್ತುವ ಮೊದಲು: ಸ್ಮಿತ್–ಹಾಲ್ ಇಂಗ್ಲಿಷ್–ಲ್ಯಾಟಿನ್ ನಿಘಂಟು ಬಳಸಿದ ಅನುಭವ

ಕಾರ್ಕಳದಲ್ಲಿ ನಮ್ಮದು ಕಲ್ಲಿನ ಕೆಲಸ. ಅಜ್ಜ ದೇವರ ವಿಗ್ರಹ ಮಾತ್ರ ಮಾಡುತ್ತಿದ್ದರು. ಅಪ್ಪ ವಿಗ್ರಹದ ಜೊತೆಗೆ ಹೆಸರಿನ ಫಲಕವನ್ನೂ ಕೆತ್ತಲು ಶುರುಮಾಡಿದರು. ನನ್ನ ಕೈಗೆ ಬರುವಾಗ ಹೆಚ್ಚುಪಾಲು ಅಕ್ಷರದ ಕೆಲಸವೇ ಆಗಿಹೋಗಿತ್ತು. ಶಾಲೆಯ ಶಂಕುಸ್ಥಾಪನೆಯ ಕಲ್ಲು, ದೇವಸ್ಥಾನಕ್ಕೆ ಹಣ ಕೊಟ್ಟವರ ಪಟ್ಟಿ, ಮನೆಯ ಹೆಸರು, ಇಗರ್ಜಿಯ ಸಿಮೆಟ್ರಿಗೆ ಸಮಾಧಿ ಕಲ್ಲು. ಕನ್ನಡ, ಇಂಗ್ಲಿಷ್, ಕೊಂಕಣಿ, ಸಂಸ್ಕೃತ ಶ್ಲೋಕ ಎಲ್ಲ ಬರುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಲ್ಯಾಟಿನ್ ಸಹ ಬರುತ್ತದೆ. ನಮ್ಮ ಕಡೆ ಇಗರ್ಜಿಗಳು, ಮಿಶನರಿ ಶಾಲೆಗಳು ಇಷ್ಟು ಇರುವಾಗ ಅದು ಆಶ್ಚರ್ಯ ಏನಲ್ಲ. ಮಂಗಳೂರಿನ ಸೈಂಟ್ ಅಲೋಶಿಯಸ್ ಕಾಲೇಜಿನ ಧ್ಯೇಯವಾಕ್ಯವೇ ‘ಲೂಸೆಟ್ ಎಟ್ ಆರ್ಡೆಟ್’, ಅಂದರೆ ಬೆಳಗುತ್ತದೆ, ಉರಿಯುತ್ತದೆ.

ಕೆತ್ತನೆಗೆ ನಾನು ಅಕ್ಷರದ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತೇನೆ, ಒಂದು ಅಕ್ಷರಕ್ಕೆ 120 ರೂಪಾಯಿ. ಕಾಗದದ ಮೇಲಾದರೆ ತಪ್ಪು ಅಕ್ಷರ ಹೊಡೆದು ಹಾಕಬಹುದು. ಪಾಲಿಶ್ ಮಾಡಿದ ಕರಿಕಲ್ಲಿನ ಮೇಲೆ ಒಂದು ಅಕ್ಷರ ತಪ್ಪಿದರೆ ಇಡೀ ಮುಖವನ್ನು ಉಜ್ಜಿ ಇಳಿಸಬೇಕು, ಮತ್ತೆ ಪಾಲಿಶ್ ಹಿಡಿಸಬೇಕು. ಎಷ್ಟೋ ಸಲ ಹೊಸ ಹಲಗೆಯೇ ಬೇಕಾಗುತ್ತದೆ. ಹಾಗಾಗಿ ನಿಘಂಟು ನನಗೆ ಉಳಿ ಸುತ್ತಿಗೆಯ ಹಾಗೆ ಒಂದು ಸಾಮಾನು. ಆ ಸಾಮಾನಿನ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಅದು ನನ್ನ ಕೈಗೆ ಬಂದದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಕುವೈತಿನಲ್ಲಿ ಕೆಲಸ ಮಾಡುವ ಒಬ್ಬ ಮಗಳು ತೀರಿಕೊಂಡ ಅಮ್ಮನ ಸಮಾಧಿಗೆ ಕಲ್ಲು ಮಾಡಿಸಿದರು. ಅಮ್ಮ ಎರಡು ವರ್ಷ ಹಾಸಿಗೆಯಲ್ಲೇ ಇದ್ದು ಬಹಳ ನೋವು ತಿಂದು ಹೋದವರು. ‘ಫ್ರೀ ಫ್ರಮ್ ಪೇನ್’ ಎಂಬ ಮಾತು ಲ್ಯಾಟಿನ್‌ನಲ್ಲಿ ಬೇಕು ಎಂದು ಫೋನಿನಲ್ಲಿ ಎಲ್ಲಿಯೋ ಹುಡುಕಿ ವಾಟ್ಸಾಪಿನಲ್ಲಿ ಕಳಿಸಿದರು: ‘ಗ್ರಾತೀಸ್ ಆ ದೊಲೋರೆ’. ನಾನು ಹಾಗೆಯೇ ಕೆತ್ತಿದೆ. 13 ಅಕ್ಷರ. ಅಂಚುಗಳು ಚೂಪಾಗಿ ಬಂದಿದ್ದವು, ಬಂಗಾರದ ಬಣ್ಣ ಸಮನಾಗಿ ಕೂತಿತ್ತು. ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ನವೆಂಬರ್ 2, ಸತ್ತವರನ್ನು ನೆನೆಯುವ ದಿನ. ಎಲ್ಲರೂ ಸಮಾಧಿಗಳನ್ನು ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಅವತ್ತು ಸಾಯಂಕಾಲ ನಿವೃತ್ತರಾದ ಒಬ್ಬ ಫಾದರ್ ರಿಕ್ಷಾ ಮಾಡಿಕೊಂಡು ನೇರ ನನ್ನ ಅಂಗಡಿಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಆಚಾರ್ರೇ, ಆ ಅಮ್ಮನ ಕಲ್ಲಿನಲ್ಲಿ ಎಂತ ಬರೆದಿದ್ದೀರಿ ಅಂತ ನಿಮಗೆ ಗೊತ್ತುಂಟಾ?”

“ನೋವಿನಿಂದ ಬಿಡುಗಡೆ ಅಂತ ಅಲ್ವಾ ಫಾದರ್?”

“ಅಲ್ಲ. ‘ನೋವಿನಿಂದ, ದುಡ್ಡು ಕೊಡದೆ’ ಅಂತ ಆಗಿದೆ. ಗ್ರಾತೀಸ್ ಅಂದರೆ ಹಣ ತೆಗೆದುಕೊಳ್ಳದೆ ಕೊಡುವ ಫ್ರೀ. ಟಿಕೆಟು ಫ್ರೀ, ಚಾ ಫ್ರೀ ಅಂತೇವಲ್ಲ, ಆ ಫ್ರೀ.”

ನನಗೆ ಮಾತೇ ಹೊರಡಲಿಲ್ಲ. ಲ್ಯಾಟಿನ್ ಓದುವವರು ಆ ಸಿಮೆಟ್ರಿಗೆ ಎಷ್ಟು ಜನ ಬರುತ್ತಾರೆ ಎಂಬುದು ಬೇರೆ ಮಾತು. ಒಬ್ಬ ತಾಯಿಯ ನೋವಿನ ಮೇಲೆ ಆ ಪದ ಕೂತಿತ್ತು, ಕೂರಿಸಿದ್ದು ನನ್ನ ಉಳಿ. ಮಗಳಿಗೆ ಫೋನ್ ಮಾಡಿ ಹೇಳಿದೆ, ನನ್ನ ಖರ್ಚಿನಲ್ಲೇ ಹೊಸ ಹಲಗೆ ಹಾಕಿಕೊಟ್ಟೆ. ಅದಕ್ಕೆ ಪದ ಹುಡುಕಲು ಫಾದರ್ ತಮ್ಮ ಕೋಣೆಗೆ ಕರೆದರು. ಅವರು ಸೆಮಿನರಿಯಲ್ಲಿ ಓದುವ ಕಾಲಕ್ಕೆ ಪೂಜೆಯೂ ಪಾಠವೂ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. ಬೀರುವಿನಿಂದ ಅವರು ತೆಗೆದ ಪುಸ್ತಕವೇ ಇದು.

ಹೆಸರು ದೊಡ್ಡದು: ‘ಎ ಕಾಪಿಯಸ್ ಆ್ಯಂಡ್ ಕ್ರಿಟಿಕಲ್ ಇಂಗ್ಲಿಷ್–ಲ್ಯಾಟಿನ್ ಡಿಕ್ಷನರಿ’. ಮಾಡಿದವರು ವಿಲಿಯಂ ಸ್ಮಿತ್ ಮತ್ತು ಥಿಯೋಫಿಲಸ್ ಹಾಲ್. 1870ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಟಿಸಿದ್ದು. ಲ್ಯಾಟಿನ್ ಬಲ್ಲವರು ಬರೀ ಸ್ಮಿತ್–ಹಾಲ್ ಎನ್ನುತ್ತಾರೆ. ನಮ್ಮ ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂದದ್ದು 1894ರಲ್ಲಿ. ಅದಕ್ಕಿಂತ 24 ವರ್ಷ ಹಿಂದಿನದು ಇದು. ಆ ಕಾಲದ ನಿಘಂಟುಕಾರರಿಗೆ ಒಂದು ಹಟ ಇತ್ತು ಅನಿಸುತ್ತದೆ. ಪದ ಬರೆದರೆ ಸಾಲದು, ಅದನ್ನು ಯಾರು ಬಳಸಿದ್ದಾರೆ ಎಂದು ಸಾಕ್ಷಿ ತೋರಿಸಬೇಕು. ಕಿಟೆಲರೂ ಹಾಗೆಯೇ ಮಾಡಿದರು. ಸ್ಮಿತ್–ಹಾಲ್‌ನಲ್ಲಿ ಪ್ರತಿ ಲ್ಯಾಟಿನ್ ಪದದ ಬಾಲಕ್ಕೆ ಚಿಕ್ಕದಾಗಿ ಸಿಸೆರೋ, ಸೀಸರ್, ಹೊರೇಸ್, ಪ್ಲಿನಿ ಎಂದು ಹಳೆಯ ರೋಮನ್ ಲೇಖಕರ ಹೆಸರಿನ ಮೊಟಕು ರೂಪ ಇರುತ್ತದೆ. ಇದು ಗದ್ಯದಲ್ಲಿ ಸಲ್ಲುವ ಪದ, ಇದು ಕವಿಗಳು ಮಾತ್ರ ಬಳಸುವ ಪದ ಎಂದೂ ತಿಳಿಯುತ್ತದೆ. ಸ್ವರ ಹ್ರಸ್ವವೋ ದೀರ್ಘವೋ ಎಂಬುದಕ್ಕೆ ಅಕ್ಷರದ ತಲೆಯ ಮೇಲೆ ಗುರುತು ಉಂಟು. ನನ್ನ ಮಟ್ಟಿಗೆ ಈ ಗುರುತು ಎಷ್ಟು ದೊಡ್ಡ ಉಪಕಾರ ಎಂಬುದನ್ನು ಮುಂದೆ ಹೇಳುತ್ತೇನೆ.

ಸುಮಾರು ಸಾವಿರ ಪುಟ. ಫಾದರ್ ಅವರ ಪ್ರತಿಯ ರಟ್ಟು ಹೋಗಿ ಯಾವುದೋ ಪ್ರೆಸ್ಸಿನಲ್ಲಿ ನೀಲಿ ಬಟ್ಟೆಯ ಬೈಂಡ್ ಹಾಕಿಸಿದ್ದಾರೆ. ಮಳೆಗಾಲದಲ್ಲಿ ಹಾಳೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕರ್ಪೂರದ ಜೊತೆ ಕಟ್ಟಿಡುತ್ತಾರೆ.

ಅಂದು ಅವರು ತೆಗೆದದ್ದು ‘ಫ್ರೀ’ ಎಂಬ ಪದದ ಪುಟ. ಎಷ್ಟು ಸಣ್ಣ ಪದ! ದಿನಕ್ಕೆ ಹತ್ತು ಸಲ ನಾವೂ ಹೇಳುತ್ತೇವೆ. ‘ನಾಳೆ ಫ್ರೀ ಉಂಟಾ?’ ‘ಒಂದು ತಗೊಂಡರೆ ಒಂದು ಫ್ರೀ.’ ‘ಕೈ ಸ್ವಲ್ಪ ಫ್ರೀ ಬಿಡು.’ ಲ್ಯಾಟಿನ್‌ನಲ್ಲಿ ಇದಕ್ಕೆಲ್ಲ ಹೊಂದುವ ಒಂದೇ ಪದ ಇಲ್ಲ. ಪುಟದಲ್ಲಿ ಅರ್ಥ ಬೇರೆ ಬೇರೆ ಭಾಗವಾಗಿ ಒಡೆದಿರುತ್ತದೆ, ಒಂದೊಂದು ಭಾಗದಲ್ಲಿ ಒಂದೊಂದು ಪದ. ಓದುತ್ತಾ ಹೋದ ಹಾಗೆ ‘ನಿನಗೆ ಬೇಕಾದ್ದು ಇದರಲ್ಲಿ ಯಾವುದು?’ ಎಂದು ಪುಸ್ತಕವೇ ಕೇಳುತ್ತದೆ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಲು ಆಗುವುದಿಲ್ಲ. ಫೋನಿನಲ್ಲಿ ಹುಡುಕಿದ ಆ ಮಗಳಿಗೆ ಯಾರೂ ಹಾಗೆ ಕೇಳಿರಲಿಲ್ಲ. ಅವಳ ಕೈಗೆ ಒಂದು ಪದ ಸಿಕ್ಕಿತು, ಅಷ್ಟೆ. ಈ ನಿಘಂಟನ್ನು ನಾನು ಮೆಚ್ಚುವುದು ಈ ಒಂದು ಗುಣಕ್ಕಾಗಿ.

ಆಮೇಲೆ ನಾನು ಒಂದು ನೋಟ್‌ಬುಕ್ ಮಾಡಿ, ಈ ಪುಟದಿಂದ ಆ ಪುಟಕ್ಕೆ ಹೋಗಿ, ಫಾದರ್ ಅವರನ್ನು ಕೇಳಿ, ‘ಫ್ರೀ’ಯ ಸಂಸಾರವನ್ನೆಲ್ಲ ಬರೆದುಕೊಂಡೆ. ಬರೆಯುವಾಗ ಪಕ್ಕದಲ್ಲಿ ಕನ್ನಡ ಪದ ಹಾಕುತ್ತಾ ಹೋದೆ. ಆಗ ಕಂಡದ್ದು ನನಗೆ ಬಹಳ ಖುಷಿ ಕೊಟ್ಟಿತು. ಇಂಗ್ಲಿಷ್ ಒಟ್ಟು ಹಾಕಿದ್ದನ್ನು ಲ್ಯಾಟಿನ್ ಎಲ್ಲಿ ಬಿಡಿಸುತ್ತದೋ ಹೆಚ್ಚುಕಡಿಮೆ ಅಲ್ಲೆಲ್ಲ ಕನ್ನಡವೂ ಬಿಡಿಸುತ್ತದೆ.

ಯಾರ ಆಳೂ ಅಲ್ಲದ, ತನ್ನ ಮೇಲೆ ತಾನೇ ಒಡೆಯನಾದವನು ಲೀಬೆರ್. ನಮ್ಮಲ್ಲಿ ಸ್ವತಂತ್ರ. ಹುಟ್ಟುವಾಗಲೇ ಸ್ವತಂತ್ರನಾಗಿ ಹುಟ್ಟಿದವನಿಗೆ ಇಂಗೆನುವುಸ್ ಎಂದು ಬೇರೆ ಪದ, ಗುಲಾಮನಾಗಿದ್ದು ಬಿಡುಗಡೆಯಾದವನಿಗೆ ಲೀಬೆರ್ತುಸ್ ಎಂದು ಇನ್ನೊಂದು. ಗುಲಾಮರನ್ನು ಇಟ್ಟುಕೊಂಡ ಸಮಾಜಕ್ಕೆ ಈ ವ್ಯತ್ಯಾಸ ಬೇಕಿತ್ತು. ಗಂಟು ಬಿಚ್ಚಿದ, ಸಡಿಲಾದ, ಕಟ್ಟಿಲ್ಲದ ಎಂಬ ಅರ್ಥಕ್ಕೆ ಸೊಲೂತುಸ್. ನಮ್ಮ ‘ಬಿಡಿ’ ಇದೆಯಲ್ಲ, ಬಿಡಿ ಹೂವು, ಬಿಡಿ ಕೂದಲು, ಆ ಜಾತಿ. ಕೆಲಸ ಇಲ್ಲದೆ ಆರಾಮಾಗಿ ಇರುವವನು ಓತಿಯೋಸುಸ್. ಖಾಲಿ ಇರುವುದು ವಕುವುಸ್. ಬಸ್ಸಿನಲ್ಲಿ ‘ಸೀಟು ಖಾಲಿ ಉಂಟಾ’ ಎಂದು ಕೇಳುವಾಗ ಬೇಕಾದ ಫ್ರೀ ಇದೇ. ‘ನಾಳೆ ಬಿಡುವುಂಟಾ’ ಎಂದು ಕೇಳಲು ಇದರದೇ ಕ್ರಿಯಾಪದ, ವಕಾರೆ. ಚಿಂತೆಯಿಂದ ಫ್ರೀ ಆದವನು ಸೇಕೂರುಸ್. ‘ಸೇ’ ಅಂದರೆ ಇಲ್ಲದೆ, ‘ಕೂರ’ ಅಂದರೆ ಚಿಂತೆ. ಇಂಗ್ಲಿಷಿನ ಸೆಕ್ಯೂರ್ ಅಲ್ಲಿಂದಲೇ ಬಂದದ್ದು. ಧಾರಾಳವಾಗಿ ಕೊಡುವ ಕೈ ಲೀಬೆರಾಲಿಸ್. ತಪ್ಪು ಮಾಡಿಯೂ ಶಿಕ್ಷೆ ಆಗದೆ ಪಾರಾದರೆ ಇಂಪೂನೆ. ಯಾರೂ ಒತ್ತಾಯ ಮಾಡದೆ ತಾನಾಗಿ ಮಾಡಿದರೆ ಸುವಾ ಸ್ಪೊಂತೆ. ದುಡ್ಡಿಲ್ಲದೆ ಎಂಬುದಕ್ಕೆ ಗ್ರಾತೀಸ್.

ಈ ಗ್ರಾತೀಸ್ ಒಳಗೆ ಇರುವುದು ಕೃತಜ್ಞತೆಯ ಪದ. ಗ್ರಾತಿಯೀಸ್ ಎಂಬುದು ಸವೆದು ಗ್ರಾತೀಸ್ ಆಯಿತು. ಕೊಟ್ಟದ್ದಕ್ಕೆ ನಿನ್ನ ಉಪಕಾರಸ್ಮರಣೆ ಸಾಕು, ಬೇರೆ ಏನೂ ಬೇಡ ಎಂಬ ಭಾವ. ನಮ್ಮ ‘ಉಚಿತ’ವೂ ಮೂಲದಲ್ಲಿ ಹಣದ ಮಾತಲ್ಲ. ಸಂಸ್ಕೃತದಲ್ಲಿ ಅದು ಯೋಗ್ಯವಾದದ್ದು, ತಕ್ಕದ್ದು. ಔಚಿತ್ಯ ಎನ್ನುವಾಗ ಇವತ್ತಿಗೂ ಅದೇ ಅರ್ಥ. ‘ಬಿಟ್ಟಿ’ಯ ಕತೆ ಬೇರೆ. ಕಿವಿಗೆ ಅದು ‘ಬಿಡು’ವಿನ ಮಗು ಎನಿಸಿದರೂ ಅಲ್ಲ. ಸಂಸ್ಕೃತದ ವಿಷ್ಟಿ, ಅಂದರೆ ಕೂಲಿ ಕೊಡದೆ ಒತ್ತಾಯದಿಂದ ಮಾಡಿಸುವ ದುಡಿಮೆ, ಕನ್ನಡಕ್ಕೆ ಬರುವಾಗ ಬಿಟ್ಟಿ ಆಯಿತು. ಪಡೆಯುವವನಿಗೆ ಫ್ರೀ, ಬೆನ್ನು ಮುರಿಯುವುದು ಮಾಡುವವನದ್ದು. ಒಂದೇ ಇಂಗ್ಲಿಷ್ ಪದದ ಹಿಂದೆ ಯಾರ ಕಡೆಯಿಂದ ನೋಡುತ್ತಿದ್ದೇವೆ ಎಂಬ ಪ್ರಶ್ನೆಯೂ ಇರುತ್ತದೆ ಎಂದು ನನಗೆ ಅರ್ಥವಾದದ್ದು ಈ ಬಿಟ್ಟಿಯನ್ನು ಪಕ್ಕದಲ್ಲಿ ಬರೆದಾಗ.

ನನಗೆ ಅತ್ಯಂತ ಇಷ್ಟವಾದದ್ದು ಇಮ್ಮೂನಿಸ್. ಮೂನುಸ್ ಎಂದರೆ ಸಲ್ಲಿಸಬೇಕಾದ ಕರ್ತವ್ಯ, ಸೇವೆ. ಅದು ಇಲ್ಲದವನು ಇಮ್ಮೂನಿಸ್. ತೆರಿಗೆಯಿಂದ ಫ್ರೀ, ಊಳಿಗದಿಂದ ಫ್ರೀ. ಇದಕ್ಕೆ ಕನ್ನಡ ಪದ ಹುಡುಕಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ, ಏಕೆಂದರೆ ನಮ್ಮ ಹಿಂದಿನವರು ಅದನ್ನು ಕಲ್ಲಿನ ಮೇಲೆಯೇ ಕೆತ್ತಿಟ್ಟಿದ್ದಾರೆ. ದಾನಶಾಸನಗಳಲ್ಲಿ ‘ಸರ್ವಮಾನ್ಯ’, ‘ಸರ್ವಬಾಧಾಪರಿಹಾರ’ ಎಂದು ಬರುತ್ತದಲ್ಲ, ಎಲ್ಲ ತೆರಿಗೆಗಳನ್ನೂ ಬಿಟ್ಟುಕೊಟ್ಟ ಭೂಮಿ, ಅದೇ ಇದು. ಆಮೇಲೆ ಫಾದರ್ ಇನ್ನೊಂದು ವಿಷಯ ತೋರಿಸಿದರು. ರೋಮನ್ ಸೈನ್ಯದಲ್ಲಿ ಕುಶಲ ಕೆಲಸ ಬಲ್ಲ ಸೈನಿಕರಿಗೆ ದಿನನಿತ್ಯದ ಕಷ್ಟದ ಚಾಕರಿಯಿಂದ ವಿನಾಯಿತಿ ಇತ್ತು. ಅವರನ್ನು ಕರೆಯುತ್ತಿದ್ದದ್ದೇ ಇಮ್ಮೂನೇಸ್ ಎಂದು. ಜಸ್ಟಿನಿಯನ್ ಚಕ್ರವರ್ತಿ 533ರಲ್ಲಿ ಮಾಡಿಸಿದ ‘ಡೈಜೆಸ್ಟ್’ ಎಂಬ ಕಾನೂನು ಸಂಗ್ರಹದಲ್ಲಿ ಅಂಥವರ ಪಟ್ಟಿಯೇ ಉಂಟು. ವೈದ್ಯರು, ಅಳತೆಯವರು, ಕಮ್ಮಾರರು, ಕೊಂಬು ತಯಾರಿಸುವವರು ಎಲ್ಲ ಬರುತ್ತಾರೆ. ಅದರಲ್ಲಿ ಲಪಿದಾರಿಯೀ ಎಂಬ ಹೆಸರೂ ಇದೆ. ಕಲ್ಲುಕುಟಿಗರು. ಆ ಪದವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.

ಇನ್ನೊಂದು ಪದದಲ್ಲಿ ಕನ್ನಡವೂ ಲ್ಯಾಟಿನೂ ಒಂದೇ ದಾರಿಯಲ್ಲಿ ಹೊರಟು ಬೇರೆ ಊರು ಮುಟ್ಟುತ್ತವೆ. ಗುಲಾಮನನ್ನು ಫ್ರೀ ಮಾಡುವುದು ಮನೂಮಿತ್ತೆರೆ. ಕೈ ಮತ್ತು ಕಳಿಸು ಎಂಬ ಎರಡು ಪದ ಕೂಡಿದ್ದು. ಪದಕ್ಕೆ ಪದ ಇಟ್ಟರೆ ‘ಕೈಬಿಡು’. ಆದರೆ ನಮ್ಮಲ್ಲಿ ಕೈಬಿಟ್ಟ ಎಂದರೆ ಕಷ್ಟದಲ್ಲಿ ಬಿಟ್ಟುಹೋದ ಎಂದು. ಅವರಲ್ಲಿ ಒಡೆಯ ಕೈಬಿಟ್ಟರೆ ಹಬ್ಬ, ನಮ್ಮಲ್ಲಿ ದೇವರು ಕೈಬಿಟ್ಟರೆ ಗತಿ ಇಲ್ಲ. ಬಿಡಿಭಾಗ ಸೇರಿಸಿ ಅರ್ಥ ಕಟ್ಟುವುದು ಎಷ್ಟು ಅಪಾಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸಮಾಧಿ ಕಲ್ಲಿನ ವಿಷಯಕ್ಕೆ ಬರುತ್ತೇನೆ. ನೋವಿನಿಂದ ಬಿಡುಗಡೆಯಾದ ಹೆಂಗಸಿಗೆ ಎರಡು ದಾರಿ ಇತ್ತು: ‘ದೊಲೋರೆ ಲೀಬೆರ’ ಅಥವಾ ‘ದೊಲೋರೆ ಸೊಲೂತ’. ಇಂಗ್ಲಿಷಿನ ಫ್ರೀ ಗಂಡಿಗೂ ಹೆಣ್ಣಿಗೂ ಒಂದೇ. ಲ್ಯಾಟಿನ್‌ನಲ್ಲಿ ಗಂಡಾದರೆ ಲೀಬೆರ್, ಹೆಣ್ಣಾದರೆ ಲೀಬೆರ, ನಪುಂಸಕವಾದರೆ ಲೀಬೆರುಮ್. ನಿಘಂಟು ಮೂರೂ ರೂಪ ತೋರಿಸುತ್ತದೆ, ಆರಿಸುವುದು ನಮ್ಮ ಜವಾಬ್ದಾರಿ. ಲೀಬೆರ ಎಂದರೆ ಸ್ವತಂತ್ರಳು. ಕೊನೆಯ ಸ್ವರ ಎಳೆದು ಲೀಬೆರಾ ಎಂದರೆ ‘ಬಿಡಿಸು!’ ಎಂಬ ಮೊರೆ. ‘ಲೀಬೆರಾ ನೋಸ್ ಆ ಮಾಲೋ’, ಕೇಡಿನಿಂದ ನಮ್ಮನ್ನು ಬಿಡಿಸು ಎಂದು ಪರಲೋಕ ಮಂತ್ರದಲ್ಲಿ ಬರುವುದು ಇದೇ. ಸತ್ತವರಿಗಾಗಿ ಹಾಡುವ ಪ್ರಾರ್ಥನೆಯಲ್ಲಿಯೂ ಇದೇ. ರೋಮನ್ ಅಕ್ಷರದಲ್ಲಿ ಕೆತ್ತಿದರೆ ಎರಡೂ ಒಂದೇ ಥರ ಕಾಣುತ್ತವೆ. ಕನ್ನಡದಲ್ಲಿ ಬರೆದರೆ ನೋಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ! ಸಿಮೆಟ್ರಿಗೆ ಬಂದವರಿಗೆ ಮೊರೆಯೇ ಮೊದಲು ಕೇಳಿಸೀತು, ಬಿಡುಗಡೆ ಈಗಾಗಲೇ ಆಗಿದೆ ಎಂಬ ಸಮಾಧಾನ ಕೇಳಿಸದೆ ಹೋದೀತು ಎಂದು ಫಾದರ್ ಸೊಲೂತವನ್ನು ಆರಿಸಿದರು. ಗಂಟು ಬಿಚ್ಚಿದ ಹಾಗೆ ನೋವಿನಿಂದ ಬಿಚ್ಚಿಕೊಂಡವಳು. 12 ಅಕ್ಷರ. ಹಳೆಯ ರೋಮನ್ ಕೆತ್ತನೆಯಲ್ಲಿ ‘ಯು’ ಅಕ್ಷರ ಇಲ್ಲ, ಅದರ ಜಾಗದಲ್ಲಿ ‘ವಿ’ ಹಾಕಬೇಕು. ಹಾಗೆಯೇ ಹಾಕಿದೆ. ಮಗಳು ರಜೆಗೆ ಬಂದಾಗ ಕಲ್ಲಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದರು ಎಂದು ಅಲ್ಲಿಯ ಕೆಲಸದವನು ಹೇಳಿದ.

ಇದೇ ಸೊಲೂತದ ಮೂಲಕ್ರಿಯೆ ರೋಮನ್ನರ ಹರಕೆಯ ಕಲ್ಲುಗಳಲ್ಲಿ ಸಿಗುತ್ತದೆ. ವಿ, ಎಸ್, ಎಲ್, ಎಂ ಎಂದು ಬರೀ ನಾಲ್ಕು ಅಕ್ಷರ. ಬಿಡಿಸಿ ಓದಿದರೆ ‘ವೋತುಮ್ ಸೊಲ್ವಿತ್ ಲಿಬೇನ್ಸ್ ಮೆರಿತೋ’: ಹರಕೆಯನ್ನು ಮನಸಾರೆ, ಸಲ್ಲಬೇಕಾದ ಹಾಗೆ ತೀರಿಸಿದ. ಹರಕೆ ಎಂದರೆ ನಮ್ಮ ಊರಿನವರಿಗೆ ವಿವರಿಸಬೇಕಾಗಿಲ್ಲ. ಹೊತ್ತುಕೊಂಡ ಹರಕೆಯನ್ನು ತೀರಿಸಿದಾಗ ಮನಸ್ಸು ಹಗುರಾಗುತ್ತದಲ್ಲ, ಅದನ್ನು ಅವರು ಗಂಟು ಬಿಚ್ಚುವ ಪದದಲ್ಲೇ ಹೇಳಿದರು.

ಕಳೆದ ವರ್ಷದ ಕೆಲಸದಲ್ಲಿ ಈ ನಿಘಂಟಿನ ಇನ್ನೊಂದು ಗುಣ ಗೊತ್ತಾಯಿತು. ಅಲೋಶಿಯಸ್‌ನಲ್ಲಿ ಓದಿ ನಿವೃತ್ತರಾದ ಒಬ್ಬ ಮೇಷ್ಟ್ರು ತಮ್ಮ ಹಳೆಯ ಮನೆಯ ಜಗಲಿಯಲ್ಲಿ ವಾಚನಾಲಯ ಮಾಡಿದರು, ಓದು ಬಾರದೆ ತೀರಿಹೋದ ತಾಯಿಯ ನೆನಪಿಗೆ. ಬಾಗಿಲ ಮೇಲೆ ‘ಎಲ್ಲರಿಗೂ ಫ್ರೀ’ ಎಂಬುದು ಲ್ಯಾಟಿನ್‌ನಲ್ಲಿ ಇರಬೇಕು, ಕೆಳಗೆ ಕನ್ನಡ. ಅವರು ಬರೆದು ತಂದದ್ದು ‘ಲಿಬೆರ್ ಒಮ್ನಿಬುಸ್’. ಒಮ್ನಿಬುಸ್ ಸರಿ, ಎಲ್ಲರಿಗೆ ಎಂದರ್ಥ. ನಾವು ದಿನಾ ಹತ್ತುವ ಬಸ್ಸು ಆ ಪದದ ಬಾಲವೇ, ಎಲ್ಲರಿಗಾಗಿ ಇರುವ ಗಾಡಿ. ತೊಂದರೆ ಇದ್ದದ್ದು ಮೊದಲ ಪದದಲ್ಲಿ. ಸ್ವರದ ಗುರುತಿನ ಉಪಕಾರ ಎಂದೆನಲ್ಲ, ಅದು ಇಲ್ಲಿ. ದೀರ್ಘ ‘ಲೀ’ ಇರುವ ಲೀಬೆರ್ ಎಂದರೆ ಸ್ವತಂತ್ರ. ಹ್ರಸ್ವ ‘ಲಿ’ ಇರುವ ಲಿಬೆರ್ ಎಂದರೆ ಪುಸ್ತಕ. ಅವರು ಬರೆದದ್ದನ್ನು ಒಬ್ಬರು ‘ಎಲ್ಲರಿಗೂ ಪುಸ್ತಕ’ ಎಂದು ಓದಬಹುದು, ಇನ್ನೊಬ್ಬರು ‘ಎಲ್ಲರಿಗೂ ಸ್ವತಂತ್ರ ಗಂಡಸು’ ಎಂದು ಓದಬಹುದು. ವಾಚನಾಲಯ ಆದ ಕಾರಣ ಮೊದಲನೆಯದು ಚೆನ್ನಾಗಿಯೇ ಇದೆ ಎಂದು ಮೇಷ್ಟ್ರಿಗೆ ಆಸೆಯಾಯಿತು. “ಇರಲಿ ಮಾರಾಯ್ರೆ, ಪುಸ್ತಕವೇ ಅಲ್ವಾ ಕೊಡುವುದು” ಎಂದರು. ಆದರೆ ಹಣ ಬೇಡ ಎಂಬುದೇ ಅವರ ಮನಸ್ಸಿನಲ್ಲಿದ್ದ ಮುಖ್ಯ ಮಾತು. ಅದು ಆ ಎರಡರಲ್ಲಿ ಯಾವುದರಲ್ಲೂ ಇಲ್ಲ.

ಕಲ್ಲಿನಲ್ಲಿ ಹ್ರಸ್ವ ದೀರ್ಘ ತೋರಿಸುವ ಉಪಾಯ ರೋಮನ್ ಕುಟಿಗರಿಗೂ ಗೊತ್ತಿತ್ತು. ದೀರ್ಘ ‘ಈ’ ಇದ್ದಲ್ಲಿ ಕೆಲವರು ‘ಐ’ ಅಕ್ಷರವನ್ನು ಪಕ್ಕದ ಅಕ್ಷರಗಳಿಗಿಂತ ಎತ್ತರಕ್ಕೆ ಎಳೆಯುತ್ತಿದ್ದರು. ಎಲ್ಲ ಕಡೆ ಮಾಡುತ್ತಿರಲಿಲ್ಲ. ನಮ್ಮ ಹಳೆಯ ಶಾಸನಗಳಲ್ಲಿಯೂ ಎ–ಏ, ಒ–ಓ ವ್ಯತ್ಯಾಸ ಬಹುತೇಕ ತೋರಿಸುವುದಿಲ್ಲ, ಓದುವವನೇ ತಿಳಿದುಕೊಳ್ಳಬೇಕು. ಮೇಷ್ಟ್ರ ಜಗಲಿಗೆ ಬರುವ ಮಕ್ಕಳಿಗೆ ಎತ್ತರದ ‘ಐ’ಯ ಗುಟ್ಟು ಗೊತ್ತಾಗುವ ಹಾಗಿಲ್ಲ.

ಫ್ರೀ ಎಂಬ ಪುಟದಲ್ಲಿ ಗ್ರಾತೀಸ್ ಸಿಕ್ಕಿತು. ಸಮಾಧಿಯ ಮೇಲೆ ಅಷ್ಟು ಕೆಟ್ಟದಾಗಿ ಕೂತಿದ್ದ ಅದೇ ಪದ ಇಲ್ಲಿ ಕರಾರುವಾಕ್ಕು. ಆದರೆ ‘ಒಮ್ನಿಬುಸ್ ಗ್ರಾತೀಸ್’ ಎಂದರೆ ವಾಕ್ಯ ನಿಲ್ಲುವುದಿಲ್ಲ, ಕ್ರಿಯಾಪದ ಬೇಕು. ‘ಓಪನ್’ ಎಂಬ ಪದಕ್ಕೆ ಹೋಗಿ ನೋಡಿದೆ. ತೆರೆದುಕೊಂಡಿರುವುದು ಎಂಬ ಅರ್ಥದಲ್ಲಿ ಪತೆತ್. ಹೀಗೆ ಎರಡು ಇಂಗ್ಲಿಷ್ ಪದಗಳ ಪುಟ ಸೇರಿ ಒಂದು ಲ್ಯಾಟಿನ್ ವಾಕ್ಯ ಆಯಿತು: ‘ಒಮ್ನಿಬುಸ್ ಗ್ರಾತೀಸ್ ಪತೆತ್’. ಎಲ್ಲರಿಗೂ, ಹಣವಿಲ್ಲದೆ, ತೆರೆದಿದೆ. 18 ಅಕ್ಷರ, 2,160 ರೂಪಾಯಿ. ಫಾದರ್ ಓದಿ ತಲೆಯಾಡಿಸಿದರು. ಪದಗಳ ನಡುವೆ ರೋಮನ್ನರ ಹಾಗೆ ಅಕ್ಷರದ ಅರ್ಧ ಎತ್ತರದಲ್ಲಿ ಒಂದೊಂದು ಚುಕ್ಕೆ ಇಟ್ಟೆ. ಅಕ್ಷರದ ಆಕಾರಕ್ಕೆ ರೋಮಿನ ಟ್ರಾಜನ್ ಸ್ತಂಭದ ಬುಡದಲ್ಲಿರುವ 113ನೇ ಇಸವಿಯ ಕೆತ್ತನೆಯ ಚಿತ್ರ ಇಟ್ಟುಕೊಂಡಿದ್ದೆ. ಸ್ಟಿಕ್ಕರ್ ಕತ್ತರಿಸಿ ಮರಳು ಹೊಡೆಯುವುದು ಬೇಗ ಆಗುತ್ತದೆ, ಆದರೆ ಈ ಕಲ್ಲನ್ನು ಉಳಿಯಲ್ಲೇ ಮಾಡಿದೆ.

ಇನ್ನು ಕೊರತೆಗಳು. 1870ರ ಪುಸ್ತಕ ಆದ್ದರಿಂದ ಇಂಗ್ಲಿಷ್ ಸಹ ಹಳೆಯದು. ಶುಗರ್ ಫ್ರೀ, ಹ್ಯಾಂಡ್ಸ್ ಫ್ರೀ, ಫ್ರೀ ವೈಫೈ ಎಲ್ಲ ಇದರಲ್ಲಿ ಹುಡುಕಬೇಡಿ. ಅಂಥದ್ದಕ್ಕೆ ನೀವೇ ಅರ್ಥ ಒಡೆದು ಯಾವ ಫ್ರೀ ಎಂದು ತೀರ್ಮಾನಿಸಿ ಆಮೇಲೆ ಬರಬೇಕು. ಮೂಲ ಲ್ಯಾಟಿನ್ ವ್ಯಾಕರಣ ಗೊತ್ತಿಲ್ಲದಿದ್ದರೆ ಪದ ಸಿಕ್ಕಿಯೂ ವಾಕ್ಯ ಆಗುವುದಿಲ್ಲ. ವಿಭಕ್ತಿ, ಲಿಂಗ, ವಚನ ಇದು ಕಲಿಸುವುದಿಲ್ಲ. ಸಂಸ್ಕೃತದ ವಿಭಕ್ತಿ ಸ್ವಲ್ಪ ಓದಿದವರಿಗೆ ಬೇಗ ಹತ್ತುತ್ತದೆ, ನನಗೆ ಅದೇ ಸಹಾಯವಾಯಿತು. ಇದರ ಒಲವು ಸಿಸೆರೋ ಕಾಲದ ಗದ್ಯದ ಕಡೆ. ಇಗರ್ಜಿಯ ಲ್ಯಾಟಿನ್‌ಗೆ, ಪ್ರಾರ್ಥನೆಯ ಸಾಲುಗಳಿಗೆ ಬಲ್ಲವರನ್ನು ಕೇಳಲೇಬೇಕು. ಅಕ್ಷರ ಬಹಳ ಸಣ್ಣದು, ಮೊಟಕು ರೂಪಗಳು ತಲೆಗೆ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು.

ಕೊಳ್ಳುವುದಾದರೆ, ಅಮೆರಿಕದ ಬೋಲ್ಚಾಜಿ–ಕಾರ್ಡುಚಿ ಪ್ರಕಾಶನದವರು ಇದನ್ನು ಮರುಮುದ್ರಣ ಮಾಡಿದ್ದಾರೆ. ಹಳೆಯ ಮುದ್ರಣದ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ. ನಾನು ಈಗ ಹೆಚ್ಚು ಬಳಸುವುದು ಲ್ಯಾಟಿನಿಟಿಯಂ ಎಂಬ ಜಾಲತಾಣವನ್ನು. ಅಲ್ಲಿ ಇದೇ ನಿಘಂಟನ್ನು ಟೈಪ್ ಮಾಡಿ ಹುಡುಕಬಹುದು. ಕಲ್ಲಿನ ಧೂಳು ಹಿಡಿದ ಕೈಯಲ್ಲಿ ಫಾದರ್ ಅವರ ಪುಸ್ತಕ ಮುಟ್ಟುವುದು ತಪ್ಪಿತು, ಅದು ದೊಡ್ಡ ನೆಮ್ಮದಿ. ಆದರೆ ಒಂದು ಎಚ್ಚರ: ಫೋನಿನ ಚಿಕ್ಕ ಪರದೆಯಲ್ಲಿ ಮೊದಲು ಕಾಣುವ ಪದವನ್ನೇ ಹಿಡಿದುಕೊಂಡು ಹೊರಡುವ ಆಸೆ ಬರುತ್ತದೆ. ಅಷ್ಟು ಮಾಡಿದರೆ ಸ್ಮಿತ್–ಹಾಲ್ ಬಳಸಿದ ಹಾಗಲ್ಲ. ಕೊನೆಯವರೆಗೆ ಇಳಿಸಿ ಓದಿ. ಸಿಕ್ಕಿದ ಲ್ಯಾಟಿನ್ ಪದವನ್ನು ತಿರುಗಿಸಿ ಲ್ಯಾಟಿನ್–ಇಂಗ್ಲಿಷ್ ನಿಘಂಟಿನಲ್ಲಿ ನೋಡಿ. 1879ರ ಲೂಯಿಸ್–ಶಾರ್ಟ್ ಅದಕ್ಕೆ ಒಳ್ಳೆಯದು. ಗ್ರಾತೀಸ್ ಎಂಬುದನ್ನು ನಾನು ಅಂದು ಹಾಗೆ ತಿರುಗಿಸಿ ನೋಡಿದ್ದರೆ ಆ ಅಮ್ಮನ ಕಲ್ಲನ್ನು ಎರಡು ಸಲ ಕೆತ್ತಬೇಕಾಗಿರಲಿಲ್ಲ. ಈಗ ಲ್ಯಾಟಿನ್ ಕೆಲಸ ಯಾವುದೇ ಬಂದರೂ, ಕೊಟ್ಟವರು ಎಷ್ಟೇ ಅವಸರ ಮಾಡಿದರೂ, ಈ ಎರಡು ಹೆಜ್ಜೆ ಆಗದೆ ಉಳಿ ಹಿಡಿಯುವುದಿಲ್ಲ. ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಅಕ್ಷರದ ಗಾತ್ರಕ್ಕೆ.

ಮೇಷ್ಟ್ರ ಕಲ್ಲಿಗೆ ಕನ್ನಡದ ಸಾಲು ಮಾತ್ರ ಇನ್ನೂ ಒಂದು ವಾರ ತಡವಾಯಿತು. ‘ಉಚಿತ’ ಅವರಿಗೆ ಸರ್ಕಾರಿ ಆಸ್ಪತ್ರೆಯ ಬೋರ್ಡಿನ ಹಾಗೆ ಕಂಡಿತು. ‘ಪುಕ್ಕಟೆ’ ಎಂದರೆ ಬೆಲೆ ಇಲ್ಲದ್ದು ಎಂದಾಗುತ್ತದೆ ಎಂದರು. ಬಿಟ್ಟಿಯ ಅರ್ಥ ನಾನು ಹೇಳಿದ ಮೇಲೆ ಆ ಮಾತನ್ನೇ ಎತ್ತಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಅಂಗಡಿಗೆ ಬಂದು, ಅಮ್ಮ ಮನೆಗೆ ಯಾರು ಬಂದರೂ ಹೇಳುತ್ತಿದ್ದ ಮಾತನ್ನೇ ಹಾಕಿ ಎಂದರು. ಲ್ಯಾಟಿನ್ ಸಾಲಿನ ಕೆಳಗೆ ಈಗ ಇರುವುದು ಅದು: ‘ಬನ್ನಿ, ಕೂತುಕೊಳ್ಳಿ.’